ಕತ್ತಲ ಗುಹೆಯ ಬಾವಲಿಗೆ ಸಂಜೆಯ ಸುದ್ದಿ

ತನ್ನ ಕೋಳಿ ಕೂಗಿದರೇ ಬೆಳಗಾಗುವುದೆಂದು ಬೀಗಿದ ಅಜ್ಜಿಯ ಕತೆ ಎಲ್ಲರಿಗೂ ಗೊತ್ತು. ಮಿಶ್ರಿಕೋಟಿ ಹಳ್ಳಿಯ ಹಿತ್ತಲಲ್ಲೂ ಹುಂಜ ಕೂಗುವುದು ನಸುಕು ಹರಿಯುವ ಮೊದಲೇ. ಬೆಳಕು ಬಾರದೆಯೇ ಬೆಳಗಿನ ಸುಳಿವು ಅದಕ್ಕೆ ಸಿಕ್ಕಿದ್ದು ಹೇಗೆ? ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಹುಂಜಗಳನ್ನು ಸದಾ ಮಂದಬೆಳಕಿನಲ್ಲಿ ಕೂಡಿಹಾಕಿದರು. ಆಗಲೂ ಅವು ಹೊತ್ತು ಹಿಡಿದೇ ಕೂಗಿದವೆಂದು 2013ರಲ್ಲಿ ವರದಿ ಮಾಡಿದರು. ಗಡಿಯಾರ ಮೈಯೊಳಗೇ ಇದೆ.

ಅದಕ್ಕೆ ಮಿದುಳೂ ಬೇಕಿಲ್ಲ. ಗೋನಿಯಾಲಾಕ್ಸ್ ಸಮುದ್ರದ ಒಂದೇ ಜೀವಕೋಶದ ಜೀವಿ; ರಾತ್ರಿ ನೀರು ಅಲುಗಿದರೆ ನೀಲಿಯಾಗಿ ಮಿನುಗುತ್ತದೆ. 1950ರ ದಶಕದಲ್ಲಿ ಅಮೆರಿಕದ ವುಡ್‌ಲ್ಯಾಂಡ್ ಹೇಸ್ಟಿಂಗ್ಸ್ ಮತ್ತು ಬಿಯಾಟ್ರಿಸ್ ಸ್ವೀನಿ ಅದನ್ನು ಹಗಲಿರುಳೂ ಒಂದೇ ಮಂದಬೆಳಕಿನಲ್ಲಿಟ್ಟರು. ಸರಿಸುಮಾರು 24 ಗಂಟೆಗೊಮ್ಮೆ ಅದರ ಹೊಳಪು ಏರಿ ಇಳಿಯುತ್ತಲೇ ಇತ್ತು. ಹತ್ತು ಡಿಗ್ರಿ ಬಿಸಿ ಏರಿದರೆ ಸಾಮಾನ್ಯ ರಾಸಾಯನಿಕ ಕ್ರಿಯೆಗಳ ವೇಗ ಇಮ್ಮಡಿಯಾಗುತ್ತದೆ. ಈ ಗಡಿಯಾರ ಮಾತ್ರ ಅಷ್ಟಕ್ಕೆಲ್ಲ ಓಡುವುದೂ ಇಲ್ಲ, ನಿಲ್ಲುವುದೂ ಇಲ್ಲ.

ಮೈಯೊಳಗಿನ ಗಡಿಯಾರವನ್ನು ಅರಿಯುವ ಈ ವಿದ್ಯೆಯನ್ನು ನಮ್ಮಲ್ಲಿ ಬೆಳೆಸಿದವರು ಮಾರೋಳಿ ಕೃಷ್ಣಯ್ಯ ಚಂದ್ರಶೇಖರನ್ (1937–2009). ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ದುಡಿದು ಬಂದವರು ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿ ವರ್ತನೆಯ ವಿಭಾಗ ಕಟ್ಟಿದರು. ಅವರು, ಜೊತೆಗಾರರಾದ ಮಾರಿಮುತ್ತು ಮತ್ತು ರಾಜನ್ ಸೇರಿ ಬಾವಲಿಗಳನ್ನು ಗುಹೆಯ ಕಗ್ಗತ್ತಲೆಯಲ್ಲಿ ಪಂಜರದೊಳಗಿಟ್ಟರು. ಬಂಧುಬಳಗ ಸಂಜೆ ಹಾರಿಹೋಗಿ ನಸುಕಿಗೆ ಮರಳುವ ಗುಹೆಯಲ್ಲಿ, ಸೂರ್ಯನನ್ನೇ ಕಾಣದ ಸೆರೆಬಾವಲಿಯೂ ಅದೇ ಹೊತ್ತಿಗೆ ಚಡಪಡಿಸುತ್ತಿತ್ತು. ಬಾವಲಿಗಳೇ ಇಲ್ಲದ ಗುಹೆಗೆ ಒಯ್ದಿಟ್ಟರೆ? ಗಡಿಯಾರ ನಡೆಯುತ್ತಿತ್ತು, ಆದರೆ ದಿನದಿನಕ್ಕೂ ಹೊತ್ತು ಜಾರುತ್ತ ಹೋಗುತ್ತಿತ್ತು. ಅಂದರೆ ಮುಳ್ಳನ್ನು ಸರಿಪಡಿಸಲು ಬೆಳಕೇ ಆಗಬೇಕಿಲ್ಲ, ನೆರೆಹೊರೆಯ ಗದ್ದಲವೂ ಸಾಕು. 1981ರಲ್ಲಿ ಪ್ರಕಟವಾದ ಈ ಕೆಲಸಕ್ಕೆ ದುಬಾರಿ ಯಂತ್ರವೇನೂ ಬೇಕಾಗಲಿಲ್ಲ. ಒಳ್ಳೆಯ ಪ್ರಶ್ನೆ ಹಿಡಿದವರಿಗೆ ಗುಹೆಯೇ ಪ್ರಯೋಗಾಲಯ. ನನ್ನ ಮಟ್ಟಿಗೆ ನಮ್ಮ ದೇಶದ ಜೀವವಿಜ್ಞಾನದ ಅತಿ ಚೆಂದದ ಪ್ರಯೋಗಗಳಲ್ಲಿ ಇದೂ ಒಂದು.

ಮುಂದೆ ಚಂದ್ರಶೇಖರನ್ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಅಲ್ಲಿ ವಿಜಯ್ ಕುಮಾರ್ ಶರ್ಮಾ ಅವರ ತಂಡ ಹಣ್ಣುನೊಣಗಳನ್ನು ಎರಡು ಬಣಗಳಾಗಿ ಆರಿಸಿತು: ಪ್ಯೂಪಾ ಕೋಶದಿಂದ ಬೆಳಗ್ಗೆ ಹೊರಬರುವವು, ಸಂಜೆ ಹೊರಬರುವವು. ಹತ್ತಾರು ತಲೆಮಾರು ಹೀಗೆ ಆರಿಸಿದ ಮೇಲೆ ಬೆಳಗಿನವುಗಳ ದೇಹದ ದಿನ ಗಿಡ್ಡವಾಗಿತ್ತು, ಸಂಜೆಯವುಗಳದ್ದು ಉದ್ದವಾಗಿತ್ತು. ಅಂದರೆ ಗಡಿಯಾರದ ನಡೆ ಹೆತ್ತವರಿಂದ ಮಕ್ಕಳಿಗೆ ಇಳಿದು ಬರುತ್ತದೆ.

ಹೊತ್ತೇರಿದರೂ ಏಳದ ಮಗನನ್ನು ಸೋಮಾರಿ ಎಂದು ಬೈಯುವ ಮುನ್ನ ಈ ನೊಣಗಳನ್ನು ಒಮ್ಮೆ ನೆನೆಯಿರಿ. ಅವನ ಗಡಿಯಾರ ಅರ್ಧ ನಿಮ್ಮಿಂದಲೇ ಬಂದದ್ದು.