ಬಣ್ಣವೇ ಅಳತೆಗೋಲು

ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಈ ನೈಸ್ ಶಿಲೆ ಬರಿಗಣ್ಣಿಗೆ ಬರೀ ಬೂದು. ಇಂಥ ಕಲ್ಲಿನ ಒಡಲಲ್ಲಿ ಏನೇನಿದೆ ಎಂದು ತಿಳಿಯಲು ಭೂವಿಜ್ಞಾನಿಗಳು ಅದನ್ನು ಬೆಳಕು ತೂರುವಷ್ಟು ತೆಳ್ಳಗೆ ಮಾಡಿ, ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ಇಡುತ್ತಾರೆ.

ಕಲ್ಲಿನ ಬಿಲ್ಲೆಯನ್ನು ಗಾಜಿಗೆ ಅಂಟಿಸಿ, ಉಜ್ಜುಪುಡಿಯಲ್ಲಿ ತಿಕ್ಕಿ ತಿಕ್ಕಿ 0.03 ಮಿ.ಮೀ.ಗೆ ಇಳಿಸಬೇಕು. ಅಷ್ಟಾಯಿತೆಂದು ಗೊತ್ತಾಗುವುದು ಹೇಗೆ? ತಿಕ್ಕುವವರು ನಡುನಡುವೆ ಬೆಣಚುಕಲ್ಲಿನ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹಳದಿಯಾಗಿದ್ದರೆ ಇನ್ನೂ ದಪ್ಪ. ಬೂದು-ಬಿಳಿಗೆ ತಿರುಗಿದರೆ ಕೈ ನಿಲ್ಲಿಸಬಹುದು.

ಈ ಬಣ್ಣ ಕಲ್ಲಿನದ್ದಲ್ಲ, ಬೆಳಕಿನದು. ಸೂಕ್ಷ್ಮದರ್ಶಕದಲ್ಲಿ ಮಾದರಿಯ ಕೆಳಗೊಂದು, ಮೇಲೊಂದು ಶೋಧಕ ಇರುತ್ತದೆ. ಕೆಳಗಿನದು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಬಿಡುತ್ತದೆ. ಅಡ್ಡಲಾಗಿ ಕೂರಿಸಿದ ಮೇಲಿನದು ಅದನ್ನೇ ತಡೆಯುತ್ತದೆ. ಹಾಗಾಗಿ ನೋಟವೆಲ್ಲ ಕಪ್ಪು. ನಡುವೆ ಬೆಣಚುಕಲ್ಲಿನಂಥ ಸ್ಫಟಿಕ ಬಂದರೆ ಬೆಳಕು ಎರಡಾಗಿ ಸೀಳಿ, ಒಂದು ಮುಂದೆ, ಒಂದು ಹಿಂದೆ ಸಾಗುತ್ತದೆ. ಮೇಲೆ ಮತ್ತೆ ಕೂಡುವಾಗ ಕೆಲವು ಬಣ್ಣ ಅಳಿದು, ಕೆಲವು ಉಳಿಯುತ್ತವೆ. ಉಳಿದ ಬಣ್ಣವೇ ಆ ಹಿಂದುಮುಂದಿನ ಲೆಕ್ಕ. ಗಾಜಿಗೆ ಈ ಗುಣವಿಲ್ಲ. ಅದು ಕಪ್ಪಾಗಿಯೇ ಉಳಿಯುತ್ತದೆ.

ಎಡಿನ್‌ಬರೋದ ವಿಲಿಯಂ ನಿಕೋಲ್ 1828ರಲ್ಲಿ ಕ್ಯಾಲ್ಸೈಟ್ ಹರಳಿನಿಂದ ಧ್ರುವೀಕರಣದ ಪಟ್ಟಕ ಮಾಡಿದ. ಶೆಫೀಲ್ಡಿನ ಹೆನ್ರಿ ಸಾರ್ಬಿ ಕಲ್ಲನ್ನು ಸೂಕ್ಷ್ಮದರ್ಶಕಕ್ಕೆ ತಂದ. ಯಾವ ಬಣ್ಣಕ್ಕೆ ಯಾವ ಖನಿಜ, ಎಷ್ಟು ದಪ್ಪ ಎಂದು ಹೊಂದಿಸಿ ನೋಡುವ ಮಿಶೆಲ್-ಲೆವಿ ಪಟ್ಟಿ ಬಂದದ್ದು 1888ರಲ್ಲಿ. ಅಭ್ಯಾಸವಾದ ಕಣ್ಣಿಗೆ ಕೆಲವು ಖನಿಜಗಳ ಗುರುತಿಗೆ ಪಟ್ಟಿಯೂ ಬೇಡ: ಮೈಕ್ರೋಕ್ಲೈನ್ ಎಂಬ ಫೆಲ್ಡ್‌ಸ್ಪಾರ್ ಚೌಕಳಿ ಸೀರೆಯಂತೆ ಅಡ್ಡ-ಉದ್ದ ಗೆರೆಗಳಲ್ಲಿ ಕಾಣುತ್ತದೆ.

ಇದೇ ಉಪಾಯ 1961ರಲ್ಲಿ ಆಸ್ಪತ್ರೆಗೆ ಬಂತು. ಊದಿದ ಕೀಲಿನಿಂದ ಸಿರಿಂಜಿನಲ್ಲಿ ತೆಗೆದ ದ್ರವದಲ್ಲಿ ಗೌಟ್ ಎಂಬ ಕೀಲುಬೇನೆಯ ಯೂರೇಟ್ ಹರಳುಗಳನ್ನು ಅಮೆರಿಕದ ವೈದ್ಯರಾದ ಮೆಕಾರ್ಟಿ ಮತ್ತು ಹಾಲಂಡರ್ ಧ್ರುವೀಕೃತ ಬೆಳಕಿನಲ್ಲಿ ಗುರುತಿಸಿದರು. ಈಗ ಬೆಳಕಿನ ಹಾದಿಯಲ್ಲಿ ಕೆಂಪು ಬಣ್ಣ ತರುವ ಫಲಕವೊಂದನ್ನೂ ಸೇರಿಸುತ್ತಾರೆ. ಆ ಫಲಕದ ಮೇಲೆ ಗುರುತಿಸಿದ ಗೆರೆಗೆ ಸಮಾನಾಂತರವಾಗಿ ಮಲಗಿದ ಯೂರೇಟ್ ಸೂಜಿ ಹಳದಿ, ಅಡ್ಡ ಮಲಗಿದ್ದು ನೀಲಿ. ಸೂಡೊಗೌಟ್ ಎಂಬ ಇನ್ನೊಂದು ಕೀಲುಬೇನೆಯ ಕ್ಯಾಲ್ಸಿಯಂ ಹರಳಿನಲ್ಲಿ ಇದು ತಿರುಗುಮುರುಗು.

ನೋವು, ಊತ ಎರಡರಲ್ಲೂ ಒಂದೇ. ಔಷಧ ಬೇರೆ: ಗೌಟ್‌ಗೆ ಯೂರಿಕ್ ಆಸಿಡ್ ಇಳಿಸುವ ಮಾತ್ರೆ ಬೇಕು, ಸೂಡೊಗೌಟ್‌ಗೆ ಅದರಿಂದ ಪ್ರಯೋಜನವಿಲ್ಲ.