ಎರಡು ಪುಟದ ಪೇಪರ್‌ಗೆ ಎಷ್ಟು ಅಂಕ?

1931ರಲ್ಲಿ ‘ಆಸ್ಟ್ರೋಫಿಸಿಕಲ್ ಜರ್ನಲ್’ನಲ್ಲಿ ಅಚ್ಚಾದ ಆ ಪ್ರಬಂಧ ಬರೀ ಎರಡು ಪುಟದ್ದು. ಬರೆದವರಿಗೆ ಆಗಿನ್ನೂ ಇಪ್ಪತ್ತು ವರ್ಷ. ಉರಿದು ಮುಗಿದ ನಕ್ಷತ್ರ, ಅಂದರೆ ಶ್ವೇತಕುಬ್ಜ, ಎಷ್ಟು ತೂಕದವರೆಗೆ ತನ್ನ ಭಾರವನ್ನು ತಾನೇ ತಾಳಿಕೊಂಡೀತು ಎಂಬುದು ಅದರ ಪ್ರಶ್ನೆ. ಸೂರ್ಯನ ತೂಕದ 0.91ರಷ್ಟು ಎಂಬ ಉತ್ತರ ಬಂತು. ನಕ್ಷತ್ರದೊಳಗೆ ಯಾವ ವಸ್ತು ಇರಬಹುದೆಂಬ ಅಂದಾಜನ್ನು ಮುಂದೆ ತಿದ್ದಿದಾಗ ಆ ಅಂಕಿ 1.4ರ ಆಸುಪಾಸಿಗೆ ಏರಿತು. ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರನ್ನು ಶಾಲಾ ಪಠ್ಯದವರೆಗೂ ತಂದ ‘ಚಂದ್ರಶೇಖರ್ ಮಿತಿ’ ಅದೇ.

ಈಗ ಖಗೋಳ ವಿಜ್ಞಾನಿಯೊಬ್ಬರ ಕೆಲಸವನ್ನು ತೂಗುವವರು ಮೊದಲು ನೋಡುವುದು ಅವರ ಪೇಪರ್‌ಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದನ್ನು. ನಾಸಾದ ‘ಆಸ್ಟ್ರೋಫಿಸಿಕ್ಸ್ ಡೇಟಾ ಸಿಸ್ಟಂ’ನಲ್ಲಿ ಹೆಸರು ಹಾಕಿದರೆ ಸಾಕು, ಜಾತಕ ಎದುರಿಗೆ ಬರುತ್ತದೆ. ಜೊತೆಗೆ ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ ಎಚ್-ಇಂಡೆಕ್ಸ್ ಬೇರೆ. ಕನಿಷ್ಠ 40 ಉಲ್ಲೇಖ ಪಡೆದ ಪೇಪರ್‌ಗಳು 40 ಇದ್ದರೆ ಎಚ್-ಇಂಡೆಕ್ಸ್ 40. ನೇಮಕಾತಿ, ಬಡ್ತಿ, ಅನುದಾನ ಎಲ್ಲದರ ಮಾತುಕತೆಯಲ್ಲೂ ಈ ಅಂಕಿ ಬಂದು ಕೂರುತ್ತದೆ.

ಚಂದ್ರಶೇಖರ್ ವಿಷಯದಲ್ಲಿ ಈ ಜಾತಕ ವಿಚಿತ್ರವಾಗಿ ಮಾತಾಡುತ್ತದೆ. ಸಾವಿರಾರು ಉಲ್ಲೇಖ ಪಡೆದದ್ದು ಆ ಎರಡು ಪುಟವಲ್ಲ, 1943ರಲ್ಲಿ ‘ರಿವ್ಯೂಸ್ ಆಫ್ ಮಾಡರ್ನ್ ಫಿಸಿಕ್ಸ್’ನಲ್ಲಿ ಬಂದ ದೀರ್ಘ ಬರಹ. ದ್ರವದಲ್ಲಿ ತೇಲುವ ಕಣಗಳ ಗೊತ್ತುಗುರಿಯಿಲ್ಲದ ಓಡಾಟಕ್ಕೆ ಬೇಕಾದ ಗಣಿತವನ್ನು ಅದು ಒಂದೆಡೆ ಕ್ರಮವಾಗಿ ಹಾಕಿಕೊಟ್ಟಿತು. ನಕ್ಷತ್ರಗಳ ಗೊಡವೆಯೇ ಇಲ್ಲದ ರಸಾಯನ ವಿಜ್ಞಾನಿಗಳೂ ಜೀವವಿಜ್ಞಾನಿಗಳೂ ಅದನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಪಕ್ಕದ ಮನೆಯವರು ಏಣಿಯನ್ನು ಎರವಲು ಒಯ್ಯುವ ಹಾಗೆ ಅದು ಕೈಯಿಂದ ಕೈಗೆ ಓಡಾಡುತ್ತಲೇ ಇದೆ.

ಮಿತಿಯ ಕಥೆ ಇದಕ್ಕೆ ತಿರುಗಾಮುರುಗ. ಸೂಪರ್‌ನೋವಾ ಸ್ಫೋಟಗಳ ಬಗ್ಗೆ ಬರೆಯುವವರು ‘ಚಂದ್ರಶೇಖರ್ ಮಿತಿ’ ಎನ್ನುತ್ತಾರೆ, ಆದರೆ 1931ರ ಪೇಪರನ್ನು ಉಲ್ಲೇಖಪಟ್ಟಿಗೆ ಸೇರಿಸುವ ತೊಂದರೆ ತೆಗೆದುಕೊಳ್ಳುವವರು ಕಡಿಮೆ. ಗುರುತ್ವದ ಮಾತು ಬಂದಾಗಲೆಲ್ಲ ನ್ಯೂಟನ್ ಪುಸ್ತಕದ ಪುಟಸಂಖ್ಯೆ ಯಾರು ಕೊಡುತ್ತಾರೆ? ಒಂದು ಶೋಧ ಎಲ್ಲರ ತಿಳಿವಳಿಕೆಯೊಳಗೆ ಕರಗಿದಷ್ಟೂ ಅದರ ಲೆಕ್ಕ ನಿಲ್ಲುತ್ತದೆ. ನನ್ನ ಮಟ್ಟಿಗೆ ಉಲ್ಲೇಖಸಂಖ್ಯೆ ಹೇಳುವುದು ಇಷ್ಟನ್ನೇ: ಈ ಕೆಲಸದಿಂದ ಈಗ ಯಾರಿಗೆ ಉಪಯೋಗವಾಗುತ್ತಿದೆ ಎಂಬುದನ್ನು. ಕೆಲಸ ಎಷ್ಟು ದೊಡ್ಡದು ಎಂಬುದನ್ನು ಅದು ಹೇಳಲಾರದು.

ಹೆಸರಿನ ನ್ಯಾಯವೂ ಸಸಾರವಲ್ಲ. ಇಂಥದೊಂದು ಮಿತಿಯನ್ನು ಎಸ್ಟೋನಿಯದ ವಿಲ್ಹೆಲ್ಮ್ ಆಂಡರ್ಸನ್, ಇಂಗ್ಲೆಂಡಿನ ಎಡ್ಮಂಡ್ ಸ್ಟೋನರ್ 1930ರ ಹೊತ್ತಿಗೇ ಬೇರೆ ದಾರಿಯಲ್ಲಿ ಮುಟ್ಟಿದ್ದರು. ನಕ್ಷತ್ರದ ಒಳರಚನೆಯನ್ನು ಪೂರ್ತಿ ಲೆಕ್ಕಹಾಕಿ, ವಾದಕ್ಕೂ ನಿಂತವರು ಚಂದ್ರಶೇಖರ್. 1935ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಸಭೆಯಲ್ಲಿ ಆಗಲೇ ಹೆಸರಾಂತ ಖಗೋಳ ವಿಜ್ಞಾನಿಯಾಗಿದ್ದ ಆರ್ಥರ್ ಎಡಿಂಗ್ಟನ್ ಆ ವಾದವನ್ನು ಗೇಲಿ ಮಾಡಿದ್ದು ಎಲ್ಲರಿಗೂ ಗೊತ್ತಿರುವ ಕಥೆ, ಮತ್ತೆ ಹೇಳುವುದಿಲ್ಲ. ಅಂದು ಎಚ್-ಇಂಡೆಕ್ಸ್ ಇದ್ದಿದ್ದರೆ ಎಡಿಂಗ್ಟನ್ನರದೇ ಮೇಲುಗೈ ಆಗಿರುತ್ತಿತ್ತು ಎಂದಷ್ಟೇ ಸೇರಿಸುತ್ತೇನೆ.

ನನಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು ಪ್ರಸಂಗ. ಕಾಂತಕ್ಷೇತ್ರದ ನಡುವೆ ಸುತ್ತುವ ದ್ರವ ಯಾವಾಗ ಸಮತೋಲ ತಪ್ಪುತ್ತದೆ ಎಂಬುದನ್ನು ಸೋವಿಯತ್ ವಿಜ್ಞಾನಿ ಎವ್ಗೆನಿ ವೆಲಿಖೋವ್ 1959ರಲ್ಲಿ ಬರೆದರು. ಮರುವರ್ಷ ಚಂದ್ರಶೇಖರ್ ತಮ್ಮದೇ ಲೆಕ್ಕದಲ್ಲಿ ಅಲ್ಲಿಗೆ ತಲುಪಿದರು, 1961ರ ತಮ್ಮ ದಪ್ಪ ಗ್ರಂಥಕ್ಕೂ ಸೇರಿಸಿದರು. ಖಗೋಳ ವಿಜ್ಞಾನಿಗಳು ಅತ್ತ ಹೆಚ್ಚು ತಲೆ ಹಾಕಲಿಲ್ಲ. ಇತ್ತ, ಕಪ್ಪುಕುಳಿಯ ಸುತ್ತ ತಟ್ಟೆಯಂತೆ ಸುತ್ತುವ ಅನಿಲ ಸುತ್ತುತ್ತಲೇ ಇರದೆ ಒಳಕ್ಕೆ ಬೀಳುವುದು ಹೇಗೆಂಬ ಸಮಸ್ಯೆ ಅವರನ್ನು ಕಾಡುತ್ತಿತ್ತು. ಉತ್ತರ ಆ ಹಳೆಯ ಲೆಕ್ಕದಲ್ಲೇ ಇದೆಯೆಂದು 1991ರಲ್ಲಿ ಸ್ಟೀವನ್ ಬಾಲ್ಬಸ್ ಮತ್ತು ಜಾನ್ ಹಾಲಿ ತೋರಿಸಿದರು. ಅಲ್ಲಿಂದ ಮುಂದೆ ಅನಿಲತಟ್ಟೆಗಳ ಮೇಲಿನ ಪೇಪರ್‌ಗಳಲ್ಲಿ 1960ರ ಆ ಬರಹಕ್ಕೂ ಜಾಗ ಸಿಕ್ಕಿತು. ಬಾಲ್ಬಸ್, ಹಾಲಿ ಇಬ್ಬರಿಗೂ 2013ರಲ್ಲಿ ಶಾ ಪ್ರಶಸ್ತಿ ಬಂತು. ಐದು ವರ್ಷಕ್ಕೊಮ್ಮೆ ಸಾಧನೆಯ ವರದಿ ಕೇಳುವ ಸಮಿತಿ ಮೂವತ್ತು ವರ್ಷ ಮಲಗಿ ಎದ್ದ ಲೆಕ್ಕಕ್ಕೆ ಯಾವ ಕಾಲಂ ಇಟ್ಟೀತು?

ಚಂದ್ರಶೇಖರ್ ಕೆಲಸದ ಕ್ರಮವೂ ಅಂಥ ಸಮಿತಿಗೆ ಹೇಳಿಮಾಡಿಸಿದ್ದಲ್ಲ. ಒಂದು ವಿಷಯವನ್ನು ಹಿಡಿದು ವರ್ಷಗಟ್ಟಲೆ ಪೇಪರ್ ಬರೆಯುವುದು, ಕೊನೆಗೊಂದು ಪುಸ್ತಕ ಮಾಡಿ ಅದನ್ನು ಬಿಟ್ಟು ಹೊರಡುವುದು. 1952ರಿಂದ 1971ರವರೆಗೆ ಅದೇ ‘ಆಸ್ಟ್ರೋಫಿಸಿಕಲ್ ಜರ್ನಲ್’ನ ಸಂಪಾದಕತ್ವವೂ ಅವರದೇ. ಪರರ ಪೇಪರ್‌ಗಳಿಗೆ ಸುರಿದ ಆ ಸಮಯಕ್ಕೆ ಉಲ್ಲೇಖದ ಲೆಕ್ಕದಲ್ಲಿ ಸೊನ್ನೆ. ಈಗಿನ ಸ್ಥಿತಿಯೇ ಬೇರೆ. 2017ರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯನ್ನು ವಿವರಿಸಿದ ಪೇಪರೊಂದಕ್ಕೆ ಮೂರು ಸಾವಿರಕ್ಕೂ ಹೆಚ್ಚು ಲೇಖಕರು, ಅದಕ್ಕೆ ಬೀಳುವ ಪ್ರತಿ ಉಲ್ಲೇಖವೂ ಅಷ್ಟೂ ಜನರ ಖಾತೆಗೆ ಜಮೆ.

ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಎರಡು ಮೀಟರ್ ಕನ್ನಡಿಯ ದೂರದರ್ಶಕವೊಂದಕ್ಕೆ ಚಂದ್ರಶೇಖರ್ ಹೆಸರಿಟ್ಟಿದ್ದಾರೆ. ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆ ಅದನ್ನು ಉಪಗ್ರಹದ ಸಂಪರ್ಕದ ಮೂಲಕ ಹೊಸಕೋಟೆಯಿಂದ ನಡೆಸುತ್ತದೆ. ಅದರ ದತ್ತಾಂಶ ಬಳಸಿದ ಪೇಪರ್‌ಗಳ ಕೊನೆಯಲ್ಲಿ ಹಾನ್ಲೆ ಮತ್ತು ಹೊಸಕೋಟೆಯ ಸಿಬ್ಬಂದಿಗೆ ಕೃತಜ್ಞತೆ ಹೇಳುವ ರೂಢಿಯಿದೆ. ಅಂತರರಾಷ್ಟ್ರೀಯ ಜರ್ನಲ್‌ಗಳಲ್ಲಿ ಹೊಸಕೋಟೆಯ ಹೆಸರು ಹೀಗೆ ಅಚ್ಚಾಗುತ್ತಿರುತ್ತದೆ. ಎಚ್-ಇಂಡೆಕ್ಸ್ ಕೃತಜ್ಞತೆಯ ಸಾಲುಗಳನ್ನು ಎಣಿಸುವುದಿಲ್ಲ.