ಖಬೀಬ್‌ರ ಸಹನೆ: ನಮ್ಮ ಯುವಕರು ಏನನ್ನು ಕಲಿಯಬೇಕು, ಏನನ್ನು ಬಿಡಬೇಕು?

ಕಳೆದ ತಿಂಗಳ ಒಂದು ಜುಮಾದಂದು ನಾವು ಖುತ್ಬಾದಲ್ಲಿ ಸಬ್ರ್, ಅಂದರೆ ಸಹನೆಯ ಬಗ್ಗೆ ಮಾತನಾಡಿದ್ದೆವು. ನಮಾಝ್ ಮುಗಿಸಿ ಹೊರಗೆ ಬರುವಾಗ ವುಝೂ ಮಾಡುವ ಕಟ್ಟೆಯ ಬಳಿ ನಿಂತಿದ್ದ ನಾಲ್ಕೈದು ಹುಡುಗರು, "ಉಸ್ತಾದ್, ನೀವು ಹೇಳಿದ ಸಬ್ರ್ ಖಬೀಬ್‌ರಲ್ಲಿ ಇತ್ತು ಅಲ್ವಾ?" ಎಂದು ಕೇಳಿದರು. ನಾವು ಉತ್ತರಿಸುವ ಮೊದಲೇ ಚಪ್ಪಲಿ ಹುಡುಕುತ್ತಿದ್ದ ಹಿರಿಯರೊಬ್ಬರು, "ಕಾಸಿಗಾಗಿ ಹೊಡೆದಾಡುವವರ ಮಾತು ಮಸೀದಿಯ ಅಂಗಳದಲ್ಲಿ ಯಾಕಪ್ಪಾ?" ಎಂದರು. ಹುಡುಗರು ತಲೆ ತಗ್ಗಿಸಿ ಹೊರಟುಹೋದರು.

ಎರಡೂ ಪ್ರಶ್ನೆಗಳು ನ್ಯಾಯವಾದವು. ಮಿಂಬರಿನ ಮೇಲೆ ಇದಕ್ಕೆ ಉತ್ತರಿಸಲು ಸಮಯ ಸಾಲದು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇವೆ. ಹಿರಿಯರು ಮಕ್ಕಳ ಮೊಬೈಲಿನಲ್ಲಿ ಕಾಣುವ ಈ ವ್ಯಕ್ತಿ ಯಾರೆಂದು ತಿಳಿಯಲಿ. ಯುವಕರು ತಾವು ಮೆಚ್ಚಿದವರಲ್ಲಿ ಮೆಚ್ಚಬೇಕಾದುದು ಯಾವುದು ಎಂದು ತಿಳಿಯಲಿ.

ಪರ್ವತಗಳ ನಾಡು

ಖಬೀಬ್ ನುರ್ಮಗೊಮೆದೋವ್ ಹುಟ್ಟಿದ್ದು 1988ರ ಸೆಪ್ಟೆಂಬರ್ 20ರಂದು, ದಾಗೆಸ್ತಾನಿನ ಸಿಲ್ದಿ ಎಂಬ ಹಳ್ಳಿಯಲ್ಲಿ. ದಾಗೆಸ್ತಾನ್ ಎಂದರೆ ಪರ್ವತಗಳ ನಾಡು ಎಂದೇ ಅರ್ಥ. ಅದು ರಷ್ಯಾದ ದಕ್ಷಿಣ ತುದಿಯಲ್ಲಿ, ಕ್ಯಾಸ್ಪಿಯನ್ ಸಮುದ್ರ ಮತ್ತು ಕಾಕಸಸ್ ಬೆಟ್ಟಗಳ ನಡುವೆ ಇರುವ ಗಣರಾಜ್ಯ. ಅಲ್ಲಿನ ಜನರಲ್ಲಿ ಬಹುಪಾಲು ಮುಸ್ಲಿಮರು. ಒಂದೊಂದು ಕಣಿವೆಗೆ ಒಂದೊಂದು ಭಾಷೆ ಎನ್ನುವಷ್ಟು ಭಾಷೆಗಳಿವೆ. ಖಬೀಬ್ ಅವಾರ್ ಜನಾಂಗದವರು. ಹತ್ತೊಂಬತ್ತನೇ ಶತಮಾನದಲ್ಲಿ ರಷ್ಯನ್ ಚಕ್ರವರ್ತಿಯ ಸೈನ್ಯದೆದುರು ದಶಕಗಳ ಕಾಲ ನಿಂತ ಇಮಾಮ್ ಶಾಮಿಲ್ ಕೂಡ ಅದೇ ಜನಾಂಗದವರು.

ನಮಗೆ ಪರಕೀಯವೆನಿಸುವ ಆ ಹೆಸರಿನಲ್ಲಿ ಪರಿಚಿತವಾದುದೇ ಅಡಗಿದೆ. ಅರಬಿಯ ಹಬೀಬ್, ಅಂದರೆ ಪ್ರಿಯನಾದವನು, ಅಲ್ಲಿ ಖಬೀಬ್ ಆಗಿದೆ. ನೂರ್ ಮುಹಮ್ಮದ್ ಎಂಬ ಹೆಸರು ಕಾಕಸಸಿನ ನಾಲಗೆಯಲ್ಲಿ ನುರ್ಮಗೊಮೆದ್ ಆಗಿ, ರಷ್ಯನ್ ಪದ್ಧತಿಯಂತೆ ಕೊನೆಗೆ 'ಓವ್' ಸೇರಿಕೊಂಡಿದೆ.

ನಮ್ಮಲ್ಲಿ ಗರಡಿ ಮನೆ ಇದ್ದಂತೆ ಅಲ್ಲಿ ಊರೂರಿಗೂ ಕುಸ್ತಿ ಇದೆ. ಖಬೀಬ್‌ರ ತಂದೆ ಅಬ್ದುಲ್‌ಮನಾಪ್ ಕುಸ್ತಿಪಟು. ಸೇನೆಯಲ್ಲಿದ್ದಾಗ ಜೂಡೋ ಮತ್ತು ಸಾಂಬೋ ಕಲಿತವರು. ಸಾಂಬೋ ಎಂಬುದು ಸೋವಿಯತ್ ಕಾಲದಲ್ಲಿ ರೂಪುಗೊಂಡ ಮಲ್ಲವಿದ್ಯೆ. ಆಯುಧವಿಲ್ಲದೆ ಆತ್ಮರಕ್ಷಣೆ ಎಂಬ ರಷ್ಯನ್ ಪದಗಳನ್ನು ಸಂಕ್ಷೇಪಿಸಿ ಆ ಹೆಸರು ಬಂದಿದೆ. ಅಬ್ದುಲ್‌ಮನಾಪ್ ತಮ್ಮ ಮನೆಯ ಕೆಳಗಿನ ಅಂತಸ್ತನ್ನೇ ವ್ಯಾಯಾಮಶಾಲೆ ಮಾಡಿಕೊಂಡು ಊರಿನ ಹುಡುಗರಿಗೆ ಕಲಿಸಿದರು. ಸೋವಿಯತ್ ಒಕ್ಕೂಟ ಒಡೆದ ನಂತರ ಆ ಪ್ರದೇಶದಲ್ಲಿ ಕೆಲಸವಿರಲಿಲ್ಲ, ಅಶಾಂತಿ ಇತ್ತು. ಯುವಕರು ದಾರಿ ತಪ್ಪಲು ನೂರು ದಾರಿಗಳಿದ್ದವು. ಆ ಹೊತ್ತಿನಲ್ಲಿ ಒಬ್ಬ ತಂದೆ ತನ್ನ ಮಗನನ್ನೂ ಪಕ್ಕದ ಮನೆಯವರ ಮಕ್ಕಳನ್ನೂ ಒಂದೇ ಚಾಪೆಯ ಮೇಲೆ ಬೆವರಿಳಿಸಿ ಬೆಳೆಸಿದರು. ಒಂಬತ್ತು ವರ್ಷದ ಖಬೀಬ್ ಕರಡಿಮರಿಯೊಂದಿಗೆ ಕುಸ್ತಿಯಾಡುವ ವೀಡಿಯೋ ಲೋಕಪ್ರಸಿದ್ಧವಾಗಿದೆ. ಆದರೆ ಅವರನ್ನು ರೂಪಿಸಿದ್ದು ಆ ಕರಡಿಯಲ್ಲ, ದಿನನಿತ್ಯದ ಆ ಚಾಪೆ.

ಕಾಯುವುದೂ ಒಂದು ಹೋರಾಟ

ಮಿಶ್ರ ಸಮರಕಲೆ ಎಂಬುದು ಕುಸ್ತಿ, ಜೂಡೋ, ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್ ಎಲ್ಲವೂ ಸೇರಿದ ಸ್ಪರ್ಧೆ. ಅದರ ಅತಿ ದೊಡ್ಡ ಸಂಸ್ಥೆ ಅಮೆರಿಕದ ಯುಎಫ್‌ಸಿ. ಅಲ್ಲಿ ಎಂಟು ಮೂಲೆಯ ಜಾಲರಿ ಕಟ್ಟೆಯೊಳಗೆ ಇಬ್ಬರು ಎದುರಾಗುತ್ತಾರೆ. ಖಬೀಬ್ ಅಲ್ಲಿ ಮೊದಲು ಹೋರಾಡಿದ್ದು 2012ರ ಜನವರಿಯಲ್ಲಿ. ಎದುರಾಳಿಯನ್ನು ಹಿಡಿದು ನೆಲಕ್ಕೆ ಕೆಡವಿ, ಏಳಲು ಬಿಡದಂತೆ ಒತ್ತಿಹಿಡಿಯುವುದು ಅವರ ವಿದ್ಯೆ. 2013ರಲ್ಲಿ ಒಂದೇ ಪಂದ್ಯದಲ್ಲಿ 21 ಸಲ ಎದುರಾಳಿಯನ್ನು ಕೆಡವಿ ಅವರು ದಾಖಲೆ ಬರೆದರು.

2014ರ ಏಪ್ರಿಲ್‌ನಲ್ಲಿ ಅವರು ರಫೇಲ್ ಡೋಸ್ ಅಂಜೋಸ್ ಎಂಬ ಬ್ರೆಜಿಲಿನ ಪಟುವನ್ನು ಸೋಲಿಸಿದರು. ಮುಂದಿನ ಮೆಟ್ಟಿಲು ಚಾಂಪಿಯನ್ ಪಟ್ಟವೇ ಎಂದು ಎಲ್ಲರೂ ಎಣಿಸಿದ್ದರು. ಆದರೆ ಮೊಣಕಾಲು ಕೈಕೊಟ್ಟಿತು, ಶಸ್ತ್ರಚಿಕಿತ್ಸೆಯಾಯಿತು. ಗುಣವಾಗಿ ಮರಳಲು ಹೊರಟಾಗ ಮತ್ತೆ ಗಾಯ, ಆಮೇಲೆ ಪಕ್ಕೆಲುಬಿಗೆ ಪೆಟ್ಟು. ಪೂರ್ತಿ ಎರಡು ವರ್ಷ ಅವರು ಕಣಕ್ಕಿಳಿಯಲಾಗಲಿಲ್ಲ. ಅಷ್ಟರಲ್ಲಿ ಅವರಿಂದ ಸೋತಿದ್ದ ಅದೇ ಡೋಸ್ ಅಂಜೋಸ್ 2015ರಲ್ಲಿ ಚಾಂಪಿಯನ್ ಆದರು. ಇಪ್ಪತ್ತಾರು, ಇಪ್ಪತ್ತೇಳು ವಯಸ್ಸು, ದೇಹಬಲದ ಉಚ್ಚ ಕಾಲ. ತಾನು ಸೋಲಿಸಿದವನ ಸೊಂಟದಲ್ಲಿ ಪಟ್ಟವನ್ನು ಕಂಡುಕೊಂಡು ಮನೆಯಲ್ಲಿ ಕಾಲು ಚಾಚಿ ಕೂರಬೇಕಾದವನ ಸ್ಥಿತಿಯನ್ನು ಊಹಿಸಿ ನೋಡಿ.

2016ರ ಏಪ್ರಿಲ್‌ನಲ್ಲಿ ಅವರು ಮರಳಿದರು. ಆದರೂ ಪರೀಕ್ಷೆ ಮುಗಿಯಲಿಲ್ಲ. ಈ ಕ್ರೀಡೆಯಲ್ಲಿ ತೂಕದ ವರ್ಗಗಳಿವೆ. ಖಬೀಬ್‌ರ ವರ್ಗದ ಮಿತಿ 155 ಪೌಂಡ್, ಅಂದರೆ ಸುಮಾರು 70 ಕಿಲೋ. ಪಂದ್ಯದ ಹಿಂದಿನ ದಿನ ತೂಗುತ್ತಾರೆ. ಅದಕ್ಕಾಗಿ ಪಟುಗಳು ನೀರು ಬಿಟ್ಟು, ಬೆವರಿಳಿಸಿ ದೇಹವನ್ನು ಒಣಗಿಸುತ್ತಾರೆ. ಅದು ಅಪಾಯದ ಕೆಲಸ. 2017ರ ಮಾರ್ಚ್‌ನಲ್ಲಿ ಹೀಗೆ ತೂಕ ಇಳಿಸುವಾಗ ಖಬೀಬ್ ಆಸ್ಪತ್ರೆ ಸೇರಿದರು, ಪಂದ್ಯ ರದ್ದಾಯಿತು. ಟೋನಿ ಫರ್ಗ್ಯುಸನ್ ಎಂಬ ಎದುರಾಳಿಯೊಂದಿಗೆ ಅವರ ಪಂದ್ಯ ಐದು ಸಲ ನಿಗದಿಯಾಗಿ ಐದು ಸಲವೂ ರದ್ದಾಯಿತು. ಕೆಲವು ಸಲ ಇವರ ದೇಹ ಸಹಕರಿಸಲಿಲ್ಲ, ಕೆಲವು ಸಲ ಅವರದು, ಕೊನೆಯ ಸಲ ಕೊರೊನಾ ಅಡ್ಡಬಂತು. ಅಂತೂ 2018ರ ಏಪ್ರಿಲ್ 7ರಂದು ಅಲ್ ಯಾಕ್ವಿಂಟಾ ಅವರನ್ನು ಸೋಲಿಸಿ ಚಾಂಪಿಯನ್ ಆದರು. ಯುಎಫ್‌ಸಿಗೆ ಬಂದು ಆರು ವರ್ಷ ಕಳೆದಿತ್ತು.

ಸಹೋದರರೇ, ಸಬ್ರ್ ಎಂದರೆ ಕೈಕಟ್ಟಿ ಕೂರುವುದು ಎಂದು ನಾವು ತಿಳಿದುಕೊಂಡಿದ್ದೇವೆ. ಕಾಯುವ ಕಾಲದಲ್ಲೂ ಮಾಡಬೇಕಾದುದನ್ನು ಮಾಡುತ್ತಾ ಇರುವುದು ಸಬ್ರ್. ಒಂದು ಪರೀಕ್ಷೆಯಲ್ಲಿ ಫೇಲಾದ ಕೂಡಲೇ ಪುಸ್ತಕ ಮುಚ್ಚಿಡುವ ಹುಡುಗ, ಎರಡು ತಿಂಗಳು ವ್ಯಾಪಾರ ಕುಂಟಿದರೆ ಅಂಗಡಿ ಬಾಗಿಲು ಹಾಕುವ ಯುವಕ ಇದನ್ನು ಗಮನಿಸಬೇಕು.

ಗೆದ್ದ ರಾತ್ರಿಯ ಸೋಲು

ಹುಡುಗರು ಮೊಬೈಲಿನಲ್ಲಿ ಹೆಚ್ಚಾಗಿ ನೋಡುವುದು 2018ರ ಅಕ್ಟೋಬರ್ 6ರ ಪಂದ್ಯ. ಲಾಸ್ ವೇಗಸ್‌ನಲ್ಲಿ ಐರ್ಲೆಂಡಿನ ಕಾನರ್ ಮೆಕ್‌ಗ್ರೆಗರ್ ಎದುರಾಳಿ. ಪಂದ್ಯಕ್ಕೆ ಮೊದಲು ಮೆಕ್‌ಗ್ರೆಗರ್ ಖಬೀಬ್‌ರ ತಂದೆ, ನಾಡು, ದೀನ್ ಯಾವುದನ್ನೂ ಬಿಡದೆ ಹೀಯಾಳಿಸಿದ್ದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ಖಬೀಬ್ ಕುಳಿತಿದ್ದ ಬಸ್ಸಿನ ಗಾಜು ಒಡೆದಿದ್ದರು. ಖಬೀಬ್ ತಿಂಗಳುಗಟ್ಟಲೆ ಸಹಿಸಿದರು. ನಾಲ್ಕನೇ ಸುತ್ತಿನಲ್ಲಿ ಕುತ್ತಿಗೆಯನ್ನು ತೋಳಿನಲ್ಲಿ ಸಿಲುಕಿಸಿ ಮೆಕ್‌ಗ್ರೆಗರ್ ಸೋಲೊಪ್ಪುವಂತೆ ಮಾಡಿದರು.

ವೀಡಿಯೋ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಗೆದ್ದ ಮರುಕ್ಷಣವೇ ಖಬೀಬ್ ಜಾಲರಿಯನ್ನು ಹತ್ತಿ ಹೊರಗೆ ಹಾರಿ, ಎದುರಾಳಿಯ ಸಂಗಡಿಗನ ಮೇಲೆ ಎರಗಿದರು. ಎರಡೂ ಕಡೆಯವರು ಸೇರಿ ದೊಡ್ಡ ಗಲಾಟೆಯಾಯಿತು. ನೆವಾಡಾ ರಾಜ್ಯದ ಕ್ರೀಡಾ ಆಯೋಗ ಖಬೀಬ್‌ರನ್ನು ಒಂಬತ್ತು ತಿಂಗಳು ಅಮಾನತು ಮಾಡಿ ಐದು ಲಕ್ಷ ಡಾಲರ್ ದಂಡ ಹಾಕಿತು.

ಕೆಲವು ಹುಡುಗರು ಈ ದೃಶ್ಯವನ್ನೇ ಶೌರ್ಯವೆಂದು ಹಂಚಿಕೊಳ್ಳುತ್ತಾರೆ. ನಾವು ಸ್ಪಷ್ಟವಾಗಿ ಹೇಳುತ್ತೇವೆ, ಅದು ಶೌರ್ಯವಲ್ಲ. ಕುಸ್ತಿಯಲ್ಲಿ ಕೆಡವುವವನಲ್ಲ, ಕೋಪ ಬಂದಾಗ ತನ್ನನ್ನು ಹಿಡಿತದಲ್ಲಿಟ್ಟುಕೊಳ್ಳುವವನೇ ನಿಜವಾದ ಬಲಶಾಲಿ ಎಂಬ ಪ್ರವಾದಿವರ್ಯರ(ಸ) ಬೋಧನೆ ನಮಗೆಲ್ಲ ಗೊತ್ತಿದೆ. ಆ ಬೋಧನೆಯಲ್ಲಿ ಕುಸ್ತಿಯ ಉದಾಹರಣೆಯೇ ಬಂದಿರುವುದನ್ನು ಗಮನಿಸಿ. ಕಟ್ಟೆಯೊಳಗೆ ಮೆಕ್‌ಗ್ರೆಗರ್‌ರನ್ನು ಗೆದ್ದವರು ಕಟ್ಟೆಯ ಹೊರಗೆ ತನ್ನ ಕೋಪಕ್ಕೆ ಸೋತರು.

ಇದನ್ನು ಖಬೀಬ್ ಕೂಡ ಅಲ್ಲಗಳೆಯಲಿಲ್ಲ. ಅದೇ ರಾತ್ರಿ ಪತ್ರಕರ್ತರ ಮುಂದೆ ಆಯೋಗದ ಕ್ಷಮೆ ಕೇಳಿದರು, ಇದು ನನ್ನ ಒಳ್ಳೆಯ ಮುಖವಲ್ಲ ಎಂದು ಒಪ್ಪಿಕೊಂಡರು. ಮನೆಗೆ ಹೋದರೆ ತಂದೆ ಬಿಡುವುದಿಲ್ಲ ಎಂದೂ ಹೇಳಿದರು. ಮೂವತ್ತು ವರ್ಷ ವಯಸ್ಸು, ಕೈಯಲ್ಲಿ ವಿಶ್ವಪಟ್ಟ, ಆದರೂ ತಂದೆಯ ಅಂಜಿಕೆ. ತಪ್ಪು ಮಾಡದ ಮನುಷ್ಯನಿಲ್ಲ. ತಪ್ಪನ್ನು ತಪ್ಪೆಂದು ಒಪ್ಪಿಕೊಳ್ಳುವವನು ಮಾತ್ರ ಅದರಿಂದ ಮುಂದೆ ಹೋಗುತ್ತಾನೆ.

ತಾಯಿಗೆ ಕೊಟ್ಟ ಮಾತು

2019ರ ಸೆಪ್ಟೆಂಬರ್‌ನಲ್ಲಿ ಅಬುಧಾಬಿಯಲ್ಲಿ ಖಬೀಬ್ ಡಸ್ಟಿನ್ ಪೊರಿಯೇ ಅವರನ್ನು ಸೋಲಿಸಿದಾಗ ತಂದೆ ಪಕ್ಕದಲ್ಲೇ ಇದ್ದರು. ಮರುವರ್ಷ ಕೊರೊನಾ ಬಂತು. ಸೋಂಕಿನ ನಂತರದ ತೊಂದರೆಗಳಿಂದ ಅಬ್ದುಲ್‌ಮನಾಪ್ 2020ರ ಜುಲೈ 3ರಂದು ಮಾಸ್ಕೋದಲ್ಲಿ ಅಲ್ಲಾಹನ ಕರೆಗೆ ಓಗೊಟ್ಟರು. 57 ವರ್ಷ ವಯಸ್ಸಾಗಿತ್ತು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಆ ವೇಳೆಗೆ ಮುಂದಿನ ಪಂದ್ಯದ ಮಾತುಕತೆ ನಡೆದಿತ್ತು. ತಂದೆಯಿಲ್ಲದೆ ಮಗ ಕಣಕ್ಕಿಳಿಯುವುದು ತಾಯಿಗೆ ಇಷ್ಟವಿರಲಿಲ್ಲ. ಮೂರು ದಿನ ತಾಯಿಯೊಂದಿಗೆ ಮಾತನಾಡಿ, ಇದೇ ಕೊನೆಯದು ಎಂದು ಮಾತು ಕೊಟ್ಟೆ ಎಂದು ಖಬೀಬ್ ನಂತರ ತಿಳಿಸಿದರು. 2020ರ ಅಕ್ಟೋಬರ್ 24ರಂದು ಅಬುಧಾಬಿಯಲ್ಲಿ ಜಸ್ಟಿನ್ ಗೇಥ್ಜಿ ಅವರನ್ನು ಎರಡನೇ ಸುತ್ತಿನಲ್ಲಿ ಮಣಿಸಿದರು. ಗೇಥ್ಜಿಯ ಹೆತ್ತವರು ನೋಡುತ್ತಿರುವಾಗ ಅವರ ಮಗನ ತೋಳಿಗೆ ಗಾಯ ಮಾಡಬಾರದೆಂದು ಖಬೀಬ್ ತೋಳಿನ ಪಟ್ಟನ್ನು ಬಿಟ್ಟು ಬೇರೆ ಪಟ್ಟು ಹಾಕಿದರು ಎಂದು ಅವರ ಒಡನಾಡಿ ಡೇನಿಯಲ್ ಕಾರ್ಮಿಯರ್ ಆಮೇಲೆ ಹೇಳಿದ್ದಾರೆ. ಗೆದ್ದ ಖಬೀಬ್ ಕಣದ ನಡುವೆ ಮಂಡಿಯೂರಿ ಅತ್ತರು. ಸೋತ ಗೇಥ್ಜಿಯೇ ಬಂದು ಸಮಾಧಾನ ಹೇಳಿದರು. ನಂತರ ಖಬೀಬ್ ಕೈಗವಸು ಬಿಚ್ಚಿ ಅಲ್ಲೇ ಇಟ್ಟು ನಿವೃತ್ತಿ ಘೋಷಿಸಿದರು. 29 ಪಂದ್ಯ, 29 ಗೆಲುವು.

ಇನ್ನೊಂದು ಪಂದ್ಯ ಆಡಿದ್ದರೆ 30 ಆಗುತ್ತಿತ್ತು. ಮಗ 30 ಗೆಲುವು ತುಂಬಿಸಬೇಕೆಂಬುದು ತಂದೆಯ ಆಸೆಯೂ ಆಗಿತ್ತು. ಯುಎಫ್‌ಸಿಯ ಮುಖ್ಯಸ್ಥರು ಮರಳಿ ಬರುವಂತೆ ಒತ್ತಾಯಿಸಿದರು. ಹಣಕ್ಕೇನೂ ಕೊರತೆಯಿರಲಿಲ್ಲ. ಆದರೆ ತಾಯಿಗೆ ಕೊಟ್ಟ ಮಾತಿನ ಮುಂದೆ ಅವರಿಗೆ ಆ ಒಂದು ಸಂಖ್ಯೆ ದೊಡ್ಡದಾಗಲಿಲ್ಲ. 2021ರ ಮಾರ್ಚ್‌ನಲ್ಲಿ ಪಟ್ಟ ತೆರವಾಯಿತು. ಯುದ್ಧಕ್ಕೆ ಹೊರಡಲು ಅನುಮತಿ ಕೇಳಿ ಬಂದವರೊಬ್ಬರಿಗೆ, ಹೆತ್ತವರು ಬದುಕಿದ್ದರೆ ಅವರ ಸೇವೆಯಲ್ಲೇ ಶ್ರಮಿಸಲು ಪ್ರವಾದಿವರ್ಯರು(ಸ) ಹೇಳಿದ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಖಬೀಬ್‌ರ ಸ್ಟೇಟಸ್ ಹಾಕಿಕೊಂಡು, "ಉಮ್ಮಾ, ಸುಮ್ನಿರು" ಎಂದು ತಾಯಿಯ ಮೇಲೆ ರೇಗುವ ನಮ್ಮ ಮಗ ಅವರ ಅಭಿಮಾನಿಯಾದದ್ದು ಹೇಗೆ?

ಹಿರಿಯರ ಪ್ರಶ್ನೆಗೆ ಉತ್ತರ

ಇನ್ನು ಹಿರಿಯರ ಮಾತಿಗೆ ಬರೋಣ. ದೇಹಬಲ ಬೆಳೆಸುವುದಕ್ಕೆ ಇಸ್ಲಾಮ್ ಅಡ್ಡಿಯಲ್ಲ. ಪ್ರವಾದಿವರ್ಯರೇ(ಸ) ರುಕಾನ ಎಂಬ ಜಟ್ಟಿಯೊಂದಿಗೆ ಕುಸ್ತಿಯಾಡಿ ಕೆಡವಿದ ವರದಿ ಇದೆ. ಆದರೆ ಮುಖಕ್ಕೆ ಹೊಡೆಯುವುದನ್ನು ಅವರು ತಡೆದಿದ್ದಾರೆ. ಎದುರಾಳಿಯ ದೇಹಕ್ಕೆ ಹಾನಿ ಮಾಡುವುದೇ ಗುರಿಯಾದ ಬಾಕ್ಸಿಂಗ್‌ನಂತಹ ಸ್ಪರ್ಧೆ ನಿಷಿದ್ಧವೆಂದು ಮಕ್ಕಾದ ಫಿಕ್ಹ್ ಮಂಡಳಿ 1987ರಲ್ಲಿ ತೀರ್ಮಾನಿಸಿದೆ. ಮಿಶ್ರ ಸಮರಕಲೆಯಲ್ಲೂ ಮುಖಕ್ಕೆ ಹೊಡೆತವಿದೆ, ರಕ್ತವಿದೆ. ಹಾಗಾಗಿ ಖಬೀಬ್‌ರ ವೃತ್ತಿಯನ್ನೇ ಆರಿಸಿಕೊಳ್ಳಿ ಎಂದು ನಾವು ಯಾವ ಹುಡುಗನಿಗೂ ಹೇಳಲಾರೆವು. ಒಬ್ಬರು ಖ್ಯಾತರು, ನಮ್ಮವರು ಎಂಬ ಕಾರಣಕ್ಕೆ ಮಸ್‌ಅಲ ಬದಲಾಗುವುದಿಲ್ಲ.

ಆದರೆ ಹುಡುಗರನ್ನು ಗದರಿಸಿ ಕಳಿಸುವುದೂ ಉತ್ತರವಲ್ಲ. ಅವರು ನಮ್ಮ ಮುಂದೆ ಬಂದು ಕೇಳಿದ್ದು ಸಬ್ರಿನ ಬಗ್ಗೆ. ಆ ಪ್ರಶ್ನೆಗೆ ಮಸೀದಿಯ ಅಂಗಳದಲ್ಲಿ ಜಾಗವಿಲ್ಲವಾದರೆ ಅವರು ಅದನ್ನು ಇನ್ನೆಲ್ಲೋ ಕೇಳುತ್ತಾರೆ. ಮುಖಕ್ಕೆ ಹೊಡೆಯದ ಕುಸ್ತಿ, ಜೂಡೋ ಇವೆ. ಓಟ, ಈಜು ಇವೆ. ಫಜ್ರ್ ನಮಾಝಿಗೆ ಎದ್ದವನಿಗೆ ವ್ಯಾಯಾಮಕ್ಕೆ ಸಮಯ ಸಿಕ್ಕೇ ಸಿಗುತ್ತದೆ.

ಉಳಿದುಹೋದ ಬಳುವಳಿ

ಖಬೀಬ್ 2022ರಲ್ಲಿ ಯುಎಫ್‌ಸಿಯ ಗೌರವ ಪಟ್ಟಿಗೆ ಸೇರಿದರು. ಅದೇ ವರ್ಷ ಅಕ್ಟೋಬರ್ 22ರಂದು ಅಬುಧಾಬಿಯಲ್ಲಿ ಇಸ್ಲಾಮ್ ಮಖಚೇವ್ ಅದೇ ತೂಕದ ಚಾಂಪಿಯನ್ ಆದರು. ಅವರು ಅಬ್ದುಲ್‌ಮನಾಪ್‌ರ ಬಳಿ ಕಲಿತವರು, ಖಬೀಬ್‌ರ ಬಾಲ್ಯದ ಜೊತೆಗಾರ. ಆ ರಾತ್ರಿ ಅವರ ಪಕ್ಕದಲ್ಲಿ ತರಬೇತುದಾರರಾಗಿ ನಿಂತವರು ಖಬೀಬ್. ತಂದೆ ನಿಲ್ಲುತ್ತಿದ್ದ ಜಾಗದಲ್ಲಿ ಮಗ ನಿಂತಿದ್ದರು.

ಮನುಷ್ಯ ತೀರಿಕೊಂಡ ಮೇಲೂ ಮೂರು ಬಾಬತ್ತಿನಲ್ಲಿ ಪುಣ್ಯ ಹರಿದುಬರುತ್ತದೆ ಎಂದು ನಾವು ಕಲಿತಿದ್ದೇವೆ: ನಿರಂತರ ದಾನ, ಉಪಯುಕ್ತ ಜ್ಞಾನ, ತನಗಾಗಿ ಪ್ರಾರ್ಥಿಸುವ ಸಜ್ಜನ ಸಂತತಿ. ಅಬ್ದುಲ್‌ಮನಾಪ್ ಬಿಟ್ಟುಹೋದದ್ದನ್ನು ನೋಡುವಾಗ ನಮಗೆ ನಮ್ಮ ಜಮಾಅತಿನ ತಂದೆಯಂದಿರ ನೆನಪಾಗುತ್ತದೆ. ಮಗನಿಗೆ ಬೈಕ್ ಕೊಡಿಸಿದ್ದೇವೆ, ಮೊಬೈಲ್ ಕೊಡಿಸಿದ್ದೇವೆ. ದಿನಕ್ಕೆ ಒಂದು ಗಂಟೆ ಅವನ ಜೊತೆ ಕೂತಿದ್ದೇವೆಯೇ? ಪಕ್ಕದ ಮನೆಯ ಅನಾಥ ಹುಡುಗನನ್ನೂ ಕರೆದು ಕೂರಿಸಿಕೊಂಡಿದ್ದೇವೆಯೇ?

ಆ ಹುಡುಗರು ಇದನ್ನು ಓದುತ್ತಿದ್ದರೆ, ಅವರ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು. ಹೌದು ಮಕ್ಕಳೇ, ಖಬೀಬ್‌ರಲ್ಲಿ ಸಬ್ರ್ ಇತ್ತು. ಗಾಯಗೊಂಡು ಕಾದ ಎರಡು ವರ್ಷಗಳಲ್ಲಿ ಇತ್ತು, ತಾಯಿಗೆ ಕೊಟ್ಟ ಮಾತಿನಲ್ಲಿ ಇತ್ತು. ಜಾಲರಿ ಹಾರಿದ ಆ ರಾತ್ರಿ ಕೈಬಿಟ್ಟುಹೋಯಿತು. ಇದ್ದ ಕಡೆಯಿಂದ ಕಲಿಯಿರಿ, ಕೈಬಿಟ್ಟ ಕಡೆಯಿಂದ ಎಚ್ಚರ ಕಲಿಯಿರಿ. ಮುಂದಿನ ಜುಮಾದಂದು ಅದೇ ಕಟ್ಟೆಯ ಬಳಿ ಸಿಗಿ, ಮಾತು ಮುಂದುವರಿಸೋಣ.

ಅಲ್ಲಾಹನು ನಮ್ಮ ಯುವಕರಿಗೆ ಬಲವನ್ನೂ ಆ ಬಲವನ್ನು ಹಿಡಿತದಲ್ಲಿಡುವ ಸಹನೆಯನ್ನೂ ಕರುಣಿಸಲಿ. ಆಮೀನ್.